ಉಣುಗು ಯಾವ ಪ್ರಾಣಿಯ ರಕ್ತ ಹೀರುತ್ತದೆ?

ರಕ್ತ ಹೀರಿ ಬದುಕುವ ಜೀವಿಗಳು ಎಲ್ಲ ಪ್ರಾಣಿಗಳನ್ನೂ ಒಂದೇ ಸಮನಾಗಿ ಕಚ್ಚುವುದಿಲ್ಲ. ಸೊಳ್ಳೆಗಳಲ್ಲಿ ಕೆಲವು ಮನುಷ್ಯರನ್ನೂ, ಕೆಲವು ದನಗಳನ್ನೂ ಹೆಚ್ಚಾಗಿ ಕಚ್ಚುತ್ತವೆ. ಮಲೆನಾಡಿನ ಕಾಡಿನ ಉಣುಗು (ಉಣ್ಣೆ) ವಯಸ್ಸಿಗೆ ತಕ್ಕಂತೆ ಪ್ರಾಣಿಯನ್ನೇ ಬದಲಿಸುತ್ತದೆ. ಮಂಗನ ಕಾಯಿಲೆ ಮುಖ್ಯವಾಗಿ ಇದರಿಂದಲೇ ಹರಡುವುದರಿಂದ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ರೈತರು ಈ ಕ್ರಮವನ್ನು ಅರಿತಿರುವುದು ಅವಶ್ಯಕ.

ರೋಗದ ಹಿನ್ನೆಲೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗರೂ ತೀವ್ರ ಜ್ವರಕ್ಕೆ ತುತ್ತಾದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಇದಕ್ಕೆ ಕಾರಣವಾದ ಹೊಸ ವೈರಸ್ಸನ್ನು ಗುರುತಿಸಿದರು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ರೋಗ ಉಲ್ಬಣಿಸಿ ಹಲವರು ಸಾವಿಗೀಡಾದರು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಆದ್ದರಿಂದ ಉಣುಗಿನ ಹತೋಟಿಗೆ ಹೆಚ್ಚಿನ ಮಹತ್ವವಿದೆ.

ಮೂರು ಹಂತ, ಮೂರು ಊಟ

ಈ ರೋಗ ಹರಡುವ ಮುಖ್ಯ ಉಣುಗಿನ ಹೆಸರು ಹೀಮಾಫೈಸಾಲಿಸ್ ಸ್ಪೈನಿಜೆರಾ. ಇದು ಪ್ರತಿ ಹಂತದಲ್ಲಿಯೂ ಒಂದು ಸಲ ಹೊಟ್ಟೆ ತುಂಬ ರಕ್ತ ಹೀರಿ ನೆಲಕ್ಕೆ ಬೀಳುತ್ತದೆ.

ಮರಿ: ಆರು ಕಾಲುಗಳಿರುತ್ತವೆ. ಮಳೆಗಾಲ ಮುಗಿಯುತ್ತಿದ್ದಂತೆ ಕಾಣಿಸಿಕೊಂಡು ಇಲಿ, ಅಳಿಲು, ನೆಲದ ಮೇಲೆ ಮೇಯುವ ಹಕ್ಕಿ ಹಾಗೂ ಮಂಗಗಳ ರಕ್ತ ಹೀರುತ್ತದೆ. ವೈರಸ್ ಇದರ ದೇಹ ಸೇರುವುದು ಸಾಮಾನ್ಯವಾಗಿ ಈ ಹಂತದಲ್ಲಿ.

ಎಳೆಯ ಉಣುಗು: ಪೊರೆ ಕಳಚಿದ ಮೇಲೆ ಎಂಟು ಕಾಲುಗಳಾಗುತ್ತವೆ. ಇದೂ ಸಣ್ಣ ಪ್ರಾಣಿ ಮತ್ತು ಮಂಗಗಳನ್ನೇ ಆಶ್ರಯಿಸುತ್ತದೆ, ಮನುಷ್ಯರನ್ನೂ ಕಚ್ಚುತ್ತದೆ. ಜನರಿಗೆ ರೋಗ ಅಂಟಿಸುವುದು ಹೆಚ್ಚಾಗಿ ಈ ಹಂತವೇ. ಇದರ ಹಾವಳಿ ನವೆಂಬರಿನಿಂದ ಮೇವರೆಗೆ.

ಬೆಳೆದ ಉಣುಗು: ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಚುರುಕಾಗಿ ದನ, ಎಮ್ಮೆ, ಕಾಟಿ, ಕಡವೆಯಂತಹ ದೊಡ್ಡ ಪ್ರಾಣಿಗಳಿಗೆ ಅಂಟುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ನೆಲಕ್ಕೆ ಬಿದ್ದು, ಒಂದೇ ಸಲ ರಾಶಿ ಮೊಟ್ಟೆಯಿಟ್ಟು ಸಾಯುತ್ತದೆ.

ದನಗಳ ಪಾತ್ರವೇನು?

ಮಂಗಗಳು ಈ ರೋಗದಿಂದ ಸಾಯುತ್ತವೆ. ದನಗಳ ರಕ್ತದಲ್ಲಾದರೋ ವೈರಸ್ ಅಷ್ಟಾಗಿ ವೃದ್ಧಿಯಾಗುವುದಿಲ್ಲ. ಹಾಲಿನಿಂದ ರೋಗ ಹರಡಿದ್ದಕ್ಕೆ ಆಧಾರವಿಲ್ಲ. ಮನುಷ್ಯರಿಂದ ಮನುಷ್ಯರಿಗೂ ಅಂಟುವುದಿಲ್ಲ. ಆದರೆ ಕಾಡಿನಲ್ಲಿ ಮೇಯುವ ದನ ಬೆಳೆದ ಉಣುಗಿಗೆ ಆಹಾರವಾಗಿ ಅದರ ಸಂತತಿಯನ್ನು ಹೆಚ್ಚಿಸುತ್ತದೆ. ಮಳೆಗಾಲದಲ್ಲಿ ದನದ ಮೈಯಿಂದ ಉದುರಿದ ಹೆಣ್ಣು ಉಣುಗಿನ ಸಂತಾನವೇ ಮುಂದಿನ ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟಕ್ಕೆ ಹೋದವರನ್ನು ಕಚ್ಚುತ್ತದೆ. ಹೀಗಾಗಿ ರೋಗ ಬೇಸಿಗೆಯದಾದರೂ ದನಗಳ ಮೈಮೇಲಿನ ಉಣುಗಿನ ನಿವಾರಣೆ ಮಳೆಗಾಲದಲ್ಲಿಯೇ ಆಗಬೇಕು.

ರೈತರು ಅನುಸರಿಸಬೇಕಾದ ಕ್ರಮಗಳು

1. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದನಗಳ ಕಿವಿ, ಗಂಗೆದೊಗಲು, ಕೆಚ್ಚಲು, ಬಾಲದ ಬುಡಗಳನ್ನು ಪರೀಕ್ಷಿಸಬೇಕು. ಪಶುವೈದ್ಯರ ಸಲಹೆಯಂತೆ ಉಣುಗು ನಾಶಕ ಔಷಧಿ ಬಳಸಬೇಕು. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದೆಂದು ಕೇಳಿ ತಿಳಿಯಬೇಕು.

2. ಮಂಗ ಸತ್ತ ಕಾಡಿಗೆ ದನಗಳನ್ನು ಬಿಡಬಾರದು. ಅಲ್ಲಿಂದ ದರಕು, ಸೊಪ್ಪು, ಸೌದೆ ತರಬಾರದು. ಸತ್ತ ಮಂಗನ ಮೈಯನ್ನು ಬಿಟ್ಟಿಳಿದ ಉಣುಗುಗಳು ಸುತ್ತಲಿನ ನೆಲದಲ್ಲಿರುತ್ತವೆ. ಹೆಣವನ್ನು ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು.

3. ಬೆಟ್ಟಕ್ಕೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಬೇಕು. ಮರಳಿದೊಡನೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಸಾಬೂನು ಹಚ್ಚಿ ಸ್ನಾನ ಮಾಡಬೇಕು.

4. ಕಚ್ಚಿದ ಉಣುಗನ್ನು ಬೆರಳಿನಿಂದ ಹಿಸುಕದೆ, ಚಿಮುಟದಿಂದ ಚರ್ಮದ ಸಮೀಪ ಹಿಡಿದು ನೇರವಾಗಿ ಕೀಳಬೇಕು.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಾಣಿಸಬಹುದು. ಮೂಗು, ವಸಡಿನಿಂದ ರಕ್ತ ಸೋರಲೂಬಹುದು. ರೋಗಿಗಳಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುವ ಸಂಭವವಿದೆ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲವಾದರೂ ಸಕಾಲದ ಆರೈಕೆಯಿಂದ ಬಹುಪಾಲು ರೋಗಿಗಳು ಗುಣ ಹೊಂದುತ್ತಾರೆ. ಜ್ವರ ಬಂದ ಕೂಡಲೇ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.