ತಗ್ಗಿಸಿದ ಪಿಕಪ್ಪಿಗೆ ಮುಂಗಡೆಯ ಶಾಕ್: ಮೊದಲು ಅಳತೆ, ಆಮೇಲೆ ಬೆಲೆ

ಅಮೆರಿಕದಲ್ಲಿ ಹಳೆಯ ಪಿಕಪ್ ಟ್ರಕ್ಕೊಂದನ್ನು ಪ್ರೀತಿಯಿಂದ ಇಟ್ಟುಕೊಂಡವರ ಖರ್ಚಿನ ಲೆಕ್ಕದಲ್ಲಿ ಶಾಕ್ ಅಬ್ಸಾರ್ಬರ್ ಎಂಬುದು ಎಂಜಿನ್ನು, ಬಣ್ಣ, ಚಕ್ರ, ಸೀಟುಗಳ ವೆಚ್ಚವೆಲ್ಲ ಮುಗಿದ ಬಳಿಕ ಮಿಕ್ಕ ಹಣದಲ್ಲಿ ಕೊಳ್ಳತಕ್ಕ ಪದಾರ್ಥವೆಂಬ ಭಾವನೆ ಬೇರೂರಿದೆ. ಆದರೆ ಗಾಡಿಯ ಮುಂಭಾಗವನ್ನು ತಗ್ಗಿಸಿದವರ ಪಾಲಿಗೆ ಈ ಸಣ್ಣ ಬಾಬತ್ತೇ ಉಳಿದ ಹಲವು ವೆಚ್ಚಗಳನ್ನು ಸಾರ್ಥಕವಾಗಿಸುವ ಇಲ್ಲವೆ ವ್ಯರ್ಥವಾಗಿಸುವ ಶಕ್ತಿಯುಳ್ಳದ್ದೆಂಬುದನ್ನು ನಾನು ನನ್ನ ಗಾಡಿಯಲ್ಲಿಯೇ ಕಂಡುಕೊಂಡಿದ್ದೇನೆ.

ನನ್ನದು 1972ರ ಷೆವರ್ಲೆ ಸಿ-10, 350 ಘನ ಅಂಗುಲದ ವಿ-8 ಎಂಜಿನ್ನಿನದು. ನಾನು ನೆಲೆಸಿರುವ ಸ್ಯಾನ್ ಹೋಸೆಯಾದರೋ ಗಾಡಿಗಳನ್ನು ತಗ್ಗಿಸಿ ಮಂದಗತಿಯಲ್ಲಿ ನಡೆಸುವ ಮೆಕ್ಸಿಕನ್ ಅಮೆರಿಕನ್ನರ ಲೋರೈಡರ್ ಸಂಪ್ರದಾಯದ ಪ್ರಮುಖ ಕೇಂದ್ರಗಳಲ್ಲೊಂದು. ‘ಲೋರೈಡರ್’ ಪತ್ರಿಕೆ 1977ರಲ್ಲಿ ಜನ್ಮ ತಾಳಿದ್ದು ಈ ಊರಿನಲ್ಲಿಯೇ. ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಗಾಡಿಯ ಯಾವ ಭಾಗವೂ ನೆಲಕ್ಕೆ ಸಮೀಪವಾಗುವಂತೆ ಮಾರ್ಪಡಿಸಕೂಡದೆಂದು ವಿಧಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾನೂನು 2024ರ ಜನವರಿಯಿಂದ ರದ್ದಾಗಿದೆ. 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಗಾಡಿಗಳಿಗೆ ಹೊಗೆ ತಪಾಸಣೆಯಿಂದಲೂ ವಿನಾಯಿತಿಯುಂಟು. ಸರ್ಕಾರದ ನಿರ್ಬಂಧ ಹೀಗೆ ಸಡಿಲವಾಗಿರುವಲ್ಲಿ ಎಷ್ಟು ತಗ್ಗಿಸಬೇಕು, ಯಾವುದಕ್ಕೆ ಹಣ ಹಾಕಬೇಕು ಎಂಬ ವಿವೇಚನೆಯ ಭಾರವೆಲ್ಲ ಒಡೆಯನ ಮೇಲೆಯೇ ಬೀಳುತ್ತದೆ.

ಗಾಡಿಯ ಭಾರವನ್ನು ಹೊರುವುದು ಸ್ಪ್ರಿಂಗೇ ಹೊರತು ಶಾಕ್ ಅಲ್ಲ. ಕುಗ್ಗಿದ ಸ್ಪ್ರಿಂಗು ಮತ್ತೆ ಹಿಗ್ಗಿ, ಹಿಗ್ಗಿದ್ದು ಮತ್ತೆ ಕುಗ್ಗಿ, ಗಾಡಿ ತೂಗಾಡುತ್ತಲೇ ಇರದಂತೆ, ಎಣ್ಣೆಯನ್ನು ಕಿರಿದಾದ ರಂಧ್ರಗಳ ಮೂಲಕ ನೂಕಿ, ಚಲನೆಯ ಶಕ್ತಿಯನ್ನು ಉಷ್ಣವನ್ನಾಗಿ ಮಾರ್ಪಡಿಸಿ ಕಳೆಯುವುದಷ್ಟೆ ಅದರ ಕರ್ತವ್ಯ. ಆ ಕರ್ತವ್ಯವನ್ನು ನೆರವೇರಿಸಲು ಒಳಗಿನ ಪಿಸ್ಟನ್ನಿಗೆ ಮೇಲೆ ಕೆಳಗೆ ಓಡಾಡುವ ಅವಕಾಶ ಬೇಕು. ಗಾಡಿಯನ್ನು ತಗ್ಗಿಸಿದಾಗ ನಷ್ಟವಾಗುವುದು ಈ ಅವಕಾಶವೇ.

ಆದರೆ ತಗ್ಗಿಸುವ ಎಲ್ಲ ವಿಧಾನಗಳಿಂದಲೂ ಈ ನಷ್ಟವಾಗುವುದಿಲ್ಲ, ಮತ್ತು ಹಣದ ಲೆಕ್ಕ ಕವಲೊಡೆಯುವುದು ಇಲ್ಲಿಯೇ. ಚಕ್ರದ ಅಚ್ಚು ಮೂಲಸ್ಥಾನಕ್ಕಿಂತ ಮೇಲಿರುವಂತೆ ಎರಕಹೊಯ್ದ ಡ್ರಾಪ್ ಸ್ಪಿಂಡಲ್‌ಗಳನ್ನು ಜೋಡಿಸಿದರೆ ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ಕಂಟ್ರೋಲ್ ಆರ್ಮುಗಳೂ ಸ್ಪ್ರಿಂಗುಗಳೂ ಇದ್ದ ಸ್ಥಿತಿಯಲ್ಲಿಯೇ ಇದ್ದು ಗಾಡಿ ಮಾತ್ರ ಇಳಿಯುತ್ತದಾದ್ದರಿಂದ, ಕಾರ್ಖಾನೆಯ ಉದ್ದದ ಶಾಕುಗಳೇ ಯಥೋಚಿತವಾಗಿ ಹೊಂದುತ್ತವೆ. ಗಿಡ್ಡ ಸ್ಪ್ರಿಂಗುಗಳನ್ನು ಹಾಕಿ ತಗ್ಗಿಸಿದರೆ ಆರ್ಮುಗಳು ಮೇಲಕ್ಕೆ ಬಾಗಿ, ಗಾಡಿ ಸುಮ್ಮನೆ ನಿಂತಿರುವಾಗಲೂ ಶಾಕ್ ಅರೆ ಮಡಿಚಿಕೊಂಡೇ ಇರುತ್ತದೆ. ನಾನು ವಿಚಾರಿಸಿದಾಗ ಸ್ಪ್ರಿಂಗಿನ ಜೋಡಿಯ ಬೆಲೆ ಸ್ಪಿಂಡಲ್ ಜೋಡಿಯ ಅರ್ಧದಷ್ಟಿತ್ತು. ಆದರೆ ಸ್ಪ್ರಿಂಗಿನ ಬೆಲೆಗೆ ಗಿಡ್ಡ ಶಾಕುಗಳು, ಆರ್ಮು ಮೇಲೇರಿ ಬಡಿಯದಂತೆ ತಡೆಯುವ ರಬ್ಬರಿನ ಗಿಡ್ಡ ಬಂಪ್ ಸ್ಟಾಪುಗಳು ಇವನ್ನೆಲ್ಲ ಕೂಡಿಸಿ ನೋಡಿದಾಗ ಆ ಅಂತರ ಬಹುಮಟ್ಟಿಗೆ ಕರಗಿಹೋಯಿತು. ಆದಕಾರಣ ಇನ್ನೂ ತಗ್ಗಿಸದೆ ಇರುವ ಗಾಡಿಯುಳ್ಳವರು ಎರಡು ಮೂರು ಅಂಗುಲ ಇಳಿದರೆ ಸಾಕೆನ್ನುವುದಾದರೆ ಸ್ಪಿಂಡಲಿಗೆ ಹಣ ಕೊಡುವುದೇ ಲೇಸೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ನನಗೆ ಆ ಆಯ್ಕೆ ಉಳಿದಿರಲಿಲ್ಲ. ಹಿಂದಿನ ಒಡೆಯರು 3 ಅಂಗುಲದ ತಗ್ಗಿನ ಸ್ಪ್ರಿಂಗುಗಳನ್ನು ಹಾಕಿಸಿ, ಶಾಕುಗಳನ್ನು ಮಾತ್ರ ಮೂಲದ ಉದ್ದದವನ್ನೇ ಉಳಿಸಿದ್ದರು. ಎಡಗಡೆಯದನ್ನು ಕಳಚಿ ನೋಡಿದೆ: ಮೈಯೆಲ್ಲ ಎಣ್ಣೆ ಜಿನುಗಿ ಅದರ ಮೇಲೆ ಧೂಳು ಮೆತ್ತಿ ಕಪ್ಪು ಹೆಪ್ಪಾಗಿತ್ತು, ದಂಡವನ್ನು ಕೈಯಿಂದ ಒತ್ತಿದರೆ ಕೊನೆಯ ಭಾಗದಲ್ಲಿ ಪ್ರತಿರೋಧವೇ ಇಲ್ಲದೆ ಸರ್ರನೆ ಇಳಿದು, ತಳದಲ್ಲಿ ಮುರಿದ ಕವಾಟದ ಚೂರು ಗಿಲಕಿಯಂತೆ ಸದ್ದು ಮಾಡುತ್ತಿತ್ತು. ಪ್ರತಿಯೊಂದು ಹಳ್ಳದಲ್ಲಿಯೂ ಪಿಸ್ಟನ್ನು ತಳಕ್ಕೆ ಅಪ್ಪಳಿಸಿ ಅಪ್ಪಳಿಸಿ, ಬಂಪ್ ಸ್ಟಾಪಿನ ರಬ್ಬರು ತಾಳಿಕೊಳ್ಳಬೇಕಾದ ಪೆಟ್ಟನ್ನು ಶಾಕೇ ತಿಂದಿತ್ತು.

ಬೆಲೆಪಟ್ಟಿ ನೋಡುವ ಮೊದಲು ಮೂರು ಅಳತೆಗಳು ಕೈಯಲ್ಲಿರಬೇಕು. ಸಮತಟ್ಟಾದ ನೆಲದ ಮೇಲೆ, ಗಾಡಿಯ ಭಾರ ಪೂರ್ತಿಯಾಗಿ ಟಯರುಗಳ ಮೇಲಿರುವಾಗ, ಶಾಕಿನ ಮೇಲಿನ ಬೋಲ್ಟಿನ ಮಧ್ಯದಿಂದ ಕೆಳಗಿನ ಬೋಲ್ಟಿನ ಮಧ್ಯದವರೆಗಿನ ದೂರ ಮೊದಲನೆಯದು. ಚಕ್ರ ಪೂರಾ ಜೋತುಬಿದ್ದಾಗಿನ ದೂರ ಎರಡನೆಯದು. ಸ್ಪ್ರಿಂಗನ್ನು ತೆಗೆದು, ಆರ್ಮನ್ನು ಬಂಪ್ ಸ್ಟಾಪಿಗೆ ತಾಗುವವರೆಗೆ ಜ್ಯಾಕಿನಿಂದ ಎತ್ತಿದಾಗಿನ ದೂರ ಮೂರನೆಯದು. ಒತ್ತಡದಲ್ಲಿರುವ ಸ್ಪ್ರಿಂಗು ಪ್ರಾಣಾಪಾಯಕಾರಿಯಾದ ವಸ್ತುವಾದ್ದರಿಂದ ಈ ಮೂರನೆಯದನ್ನು ಅನುಭವಸ್ಥ ಮೆಕ್ಯಾನಿಕ್ಕಿನಿಂದಲೇ ಮಾಡಿಸತಕ್ಕದ್ದು. ನಾನು ಅದಕ್ಕೆ ಕೂಲಿ ಕೊಟ್ಟೆ, ಯೋಗ್ಯವಾದ ಕೂಲಿ. ಪೂರ್ತಿ ಮಡಿಚಿದ ಶಾಕಿನ ಉದ್ದ ಈ ಮೂರನೆಯ ಅಳತೆಗಿಂತ ಕಡಿಮೆಯಿರಬೇಕು, ರಬ್ಬರು ಅಮುಕಿಕೊಳ್ಳುವುದಕ್ಕೂ ಅರ್ಧ ಅಂಗುಲದಷ್ಟು ಎಡೆ ಬಿಡಬೇಕು. ಪೂರ್ತಿ ಚಾಚಿದ ಉದ್ದ ಎರಡನೆಯದಕ್ಕಿಂತ ಕಡಿಮೆಯಿರಬಾರದು. ಶಾಕಿನ ಕೆಳಗಿನ ಬೋಲ್ಟು ಚಕ್ರಕ್ಕಿಂತ ಒಳಗಡೆ, ಆರ್ಮಿನ ನಡುಭಾಗದಲ್ಲಿರುವುದರಿಂದ, ಗಾಡಿ 3 ಅಂಗುಲ ಇಳಿದರೂ ನನ್ನ ಶಾಕ್ ಗಿಡ್ಡವಾದದ್ದು ಸುಮಾರು 2 ಅಂಗುಲ ಮಾತ್ರ. ಈ ಭೇದವನ್ನು ಗಮನಿಸದೆ 3 ಅಂಗುಲ ಗಿಡ್ಡದನ್ನು ತಂದರೆ ಚಕ್ರ ಇಳಿದಾಗ ಅದು ಎಳೆದುಕೊಂಡು ನಿಂತುಬಿಡುತ್ತದೆ.

ಇನ್ನು ಶಾಕಿನ ಜಾತಿಯ ವಿಚಾರ. ಒಂದೇ ಕೊಳವೆಯಲ್ಲಿ ಎಣ್ಣೆಯನ್ನೂ ಅಧಿಕ ಒತ್ತಡದ ನೈಟ್ರೋಜನ್ನನ್ನೂ ಬೇರೆಬೇರೆಯಾಗಿ ತುಂಬಿರುವ ಮೋನೋಟ್ಯೂಬ್ ಶಾಕುಗಳು ಉಷ್ಣವನ್ನು ಬೇಗ ಬಿಟ್ಟುಕೊಡುತ್ತವೆ, ದೀರ್ಘ ಪ್ರಯಾಣದಲ್ಲಿಯೂ ಶಕ್ತಿಗುಂದುವುದಿಲ್ಲ. ಅಂಗಡಿಯವರು ಅವನ್ನೇ ಶಿಫಾರಸು ಮಾಡಿದರು. ಆದರೂ ನಾನು ಕೊಂಡದ್ದು ಒಂದರೊಳಗೊಂದು ಎರಡು ಕೊಳವೆಗಳುಳ್ಳ ಟ್ವಿನ್‌ಟ್ಯೂಬ್. ಮೋನೋಟ್ಯೂಬಿನಲ್ಲಿ ಅನಿಲದ ಕೋಣೆ ಎಣ್ಣೆಯ ಸಾಲಿನಲ್ಲಿಯೇ ಇರುವುದರಿಂದ ಅಷ್ಟು ಉದ್ದ ವ್ಯಯವಾಗಿ, ಅದೇ ಗಿಡ್ಡ ಅಳತೆಯಲ್ಲಿ ಪಿಸ್ಟನ್ನಿನ ಓಡಾಟ ಕಡಿಮೆಯಾಗುತ್ತದೆ. ತಗ್ಗಿಸಿದ ಗಾಡಿಯಲ್ಲಿ ಮೊದಲೇ ಅಭಾವವಿರುವುದು ಅದಕ್ಕೇ. ಅಲ್ಲದೆ ಮೋನೋಟ್ಯೂಬಿನ ಪಿಸ್ಟನ್ನು ಹೊರಕೊಳವೆಗೇ ಉಜ್ಜಿಕೊಂಡು ಓಡುವುದರಿಂದ, ನೆಲಕ್ಕೆ ಸಮೀಪವಾಗಿ ಸಾಗುವ ಗಾಡಿಗೆ ಕಲ್ಲೊಂದು ಸಿಡಿದು ಕೊಳವೆ ನೆಗ್ಗಿದರೆ ಪಿಸ್ಟನ್ನು ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಕೊಳವೆಯದು ಅಂಥ ಪೆಟ್ಟನ್ನು ಸಹಿಸಿಕೊಳ್ಳಬಲ್ಲದು. ವಾರಾಂತ್ಯದಲ್ಲಿ ಊರೊಳಗೆ ಸಾಗುವ ಗಾಡಿಗೆ ಉಷ್ಣದ ಭಯವೂ ಅಷ್ಟಿಲ್ಲ.

ನನಗೆ ಬಂದ ದರಗಳಲ್ಲಿ ಗಿಡ್ಡ ಟ್ವಿನ್‌ಟ್ಯೂಬ್ ಜೋಡಿಗೆ 120 ಡಾಲರ್, ಮೋನೋಟ್ಯೂಬಿಗೆ ಅದರ ಎರಡರಷ್ಟು, ತಿರುಪು ತಿರುಗಿಸಿ ಬಿಗಿ ಬದಲಿಸುವ ಬಗೆಗೆ 400ಕ್ಕೂ ಮೇಲೆ. ಗಿಡ್ಡ ಸ್ಪ್ರಿಂಗುಗಳು ಮೂಲದವಕ್ಕಿಂತ ಬಿರುಸಾಗಿರುವುದರಿಂದ ಅವು ಹಿಗ್ಗುವ ವೇಗವನ್ನು ತಡೆಯಲು ತಕ್ಕಷ್ಟು ಬಿಗಿಯಾಗಿ ಕವಾಟ ಹೊಂದಿಸಿದ್ದು ದೊರೆತ ಮೇಲೆ, ಗಾಡಿಯ ಉಪಯೋಗ ನಿಶ್ಚಿತವಾಗಿರುವ ನನ್ನಂಥವರಿಗೆ ತಿರುಪಿನ ಬಗೆ ಅನಗತ್ಯವೆಂದೇ ನನ್ನ ದೃಢಾಭಿಪ್ರಾಯ. ಹೀಗೆ ಉಳಿದ ಹಣ ಎರಡು ಮುಂಗಡೆಯ ಟಯರುಗಳಿಗೆ ಹೋಯಿತು. ಸತ್ತ ಶಾಕುಗಳ ಮೇಲೆ ಕುಪ್ಪಳಿಸುತ್ತ ಓಡಿದ ಹಳೆಯವು ಅಲ್ಲಲ್ಲಿ ಗುಳಿಬಿದ್ದು ಸವೆದಿದ್ದವು, ಅವುಗಳ ಬೆಲೆಯೇ ಶಾಕುಗಳ ಬೆಲೆಯನ್ನು ಮೀರಿತ್ತು.