ಹಾವು ಬರುವುದು ಹಾಲಿಗಲ್ಲ, ಇಲಿಗೆ



ಸಂಜೆ ಕೊಟ್ಟಿಗೆಯಲ್ಲಿ ಕೇರೆಹಾವು ಕಂಡು, ಮರುದಿನ ಹಸುವಿನ ಒಂದು ಮೊಲೆಯಲ್ಲಿ ಹಾಲು ಕಡಿಮೆಯಾದರೆ, 'ಕೇರೆ ಕಾಲಿಗೆ ಸುತ್ತಿಕೊಂಡು ಹಾಲು ಕುಡಿದಿದೆ' ಎನ್ನುವ ಮಾತು ನಮ್ಮ ಮಲೆನಾಡಿನಲ್ಲಿ ಹಳೆಯದು. ಬಣಕಲ್ ಸುತ್ತಿನ ಸದಸ್ಯರು ಇದನ್ನು ಸರಿಯಾಗಿ ತಿಳಿಯಬೇಕು. ಏಕೆಂದರೆ ಕೇರೆಯನ್ನು ಹೊಡೆದರೂ ಹಾಲು ಹೆಚ್ಚುವುದಿಲ್ಲ.

ಹಾವಿಗೆ ಕರುವಿನಂತೆ ಚೀಪುವ ತುಟಿಯಿಲ್ಲ. ಅದರ ಹಲ್ಲುಗಳು ಹಿಂದಕ್ಕೆ ಬಾಗಿ ಚೂಪಾಗಿವೆ. ಅದು ಮೊಲೆ ಹಿಡಿದರೆ ಗಾಯವಾಗಿ ಹಸು ಒದೆಯುತ್ತದೆಯೇ ಹೊರತು ಸುಮ್ಮನೆ ನಿಲ್ಲುವುದಿಲ್ಲ. ಕೇರೆಗೆ ವಿಷವಿಲ್ಲ. ಅದು ಬರುವುದು ಇಲಿ, ಕಪ್ಪೆಗಳಿಗಾಗಿ. ಇಲಿ ಬರುವುದು ನಮ್ಮ ಪಶು ಆಹಾರಕ್ಕಾಗಿ.

ಹಾಲು ಏಕೆ ಕಡಿಮೆಯಾಯಿತು?

ಒಂದೇ ಮೊಲೆಯಲ್ಲಿ ಹಾಲು ಇಳಿದರೆ ಮೊದಲು ಕೆಚ್ಚಲು ಬಾವನ್ನು ಶಂಕಿಸಿ. ಕರೆಯುವ ಮುನ್ನ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿ ನೋಡಿ. ಗರಣೆ, ನೀರಿನಂತಹ ಹಾಲು, ರಕ್ತದ ಎಳೆ, ಕೆಚ್ಚಲಿನಲ್ಲಿ ಬಿಸಿ ಅಥವಾ ಗಡಸುತನ ಇದ್ದರೆ ಅದೇ ದಿನ ಪಶುವೈದ್ಯರಿಗೆ ತಿಳಿಸಿ. ತಡವಾದರೆ ಆ ಮೊಲೆ ಶಾಶ್ವತವಾಗಿ ಬತ್ತಬಹುದು. ಔಷಧಿ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ.

ಕೊಟ್ಟಿಗೆಯಲ್ಲಿ ಎಚ್ಚರ

• ಹಿಂಡಿ, ಬೂಸಾ ಚೀಲಗಳನ್ನು ನೆಲದಿಂದ ಎತ್ತರದಲ್ಲಿಡಿ. ಚೆಲ್ಲಿದ್ದನ್ನು ಗುಡಿಸಿ.
• ಸೌದೆ, ಹುಲ್ಲಿನ ರಾಶಿಗೆ ಬರಿಗೈ ಹಾಕಬೇಡಿ. ಮೊದಲು ಕೋಲಿನಿಂದ ತಟ್ಟಿ. ಕೊಳಕುಮಂಡಲ ಅಲ್ಲಿ ಅಡಗಿರಬಹುದು.
• ಕಟ್ಟುಹಾವು ಓಡಾಡುವುದು ರಾತ್ರಿ. ನಸುಕಿನಲ್ಲಿ ಕರೆಯಲು ಹೋಗುವಾಗ ಟಾರ್ಚ್, ಬೂಟು ಇರಲಿ.
• ಹಾವು ಕಂಡರೆ ದೂರ ನಿಂತು ದಾರಿ ಬಿಡಿ. ಯಾವ ಹಾವೆಂದು ಗೊತ್ತಿಲ್ಲದೆ ಹತ್ತಿರ ಹೋಗಬೇಡಿ. ಹೋಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಕೇರೆ, ನಾಗರಗಳನ್ನು ಹಿಡಿಯುವುದು, ಸಾಕುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಕಚ್ಚಿದರೆ

ಗಾಯ ಕೊಯ್ಯಬೇಡಿ, ಚೀಪಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ಕಾಲುಂಗುರ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ, ಸೀದಾ ಆಸ್ಪತ್ರೆಗೆ ಹೋಗಿ. ಕಟ್ಟುಹಾವು ಕಚ್ಚಿದಾಗ ನೋವು, ಊತ ಕಾಣದಿರಬಹುದು. ಆದ್ದರಿಂದ 'ಏನೂ ಆಗಿಲ್ಲ' ಎಂದು ಬೆಳಗಿನವರೆಗೆ ಕಾಯಬೇಡಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಹಸುವಿಗೆ ಕಚ್ಚಿದರೆ 1962ಕ್ಕೆ ಕರೆ ಮಾಡಿ.

ಇಲಿಯನ್ನು ದೂರವಿಟ್ಟರೆ ಹಾವೂ ದೂರ. ಹಾಲು ಇಳಿದಾಗ ಕೋಲು ಹುಡುಕಬೇಡಿ, ಕೆಚ್ಚಲು ನೋಡಿ.