ನಾಯಿಗೊಂದು ಆಟಿಕೆ: ಹಾಳಾದಾಗ ಏನಾಗುತ್ತೆ?

ಹಾಸ್ಟೆಲ್ ಮೆಟ್ಟಿಲ ಕೆಳಗೆ ಮಲಗೋ ನಾಯಿಯಾಗಲಿ, ಊರಲ್ಲಿ ನಮ್ಮ ಮನೆಯ ನಾಯಿಯಾಗಲಿ, ಕೈಗೆ ಸಿಕ್ಕಿದ್ದನ್ನು ಎಸೆದು ಅದರ ಜೊತೆ ಆಡೋದು ನಮಗೆಲ್ಲ ಅಭ್ಯಾಸ. ಹಳೇ ಟೆನಿಸ್ ಬಾಲ್, ಖಾಲಿ ನೀರಿನ ಬಾಟಲಿ, ಜೋಡಿ ಕಳೆದುಕೊಂಡ ಕಾಲುಚೀಲ. ಪಶುವೈದ್ಯರು ನಾಯಿಯ ಹೊಟ್ಟೆ ಕೊಯ್ದು ಹೊರತೆಗೆಯುವ ವಸ್ತುಗಳಲ್ಲೂ ಇಂಥವೇ ಇರುತ್ತವೆ.

ಭಾರತದಲ್ಲಿ 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆ ಆದೇಶ 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗೆ ಸಂಬಂಧಿಸಿದ್ದು. ನಾಯಿ ಆಟಿಕೆ ಅದರ ವ್ಯಾಪ್ತಿಗೆ ಬರೋದಿಲ್ಲ. ಅಂದರೆ ಇಲ್ಲಿ ಕ್ವಾಲಿಟಿ ಚೆಕ್ ಮಾಡಬೇಕಾದವರು ನಾವೇ. ಅದಕ್ಕೆ ಬೇಕಾದ ಪ್ರಶ್ನೆ ನಮಗೆ ಹೊಸದೇನಲ್ಲ. ಯಾವುದೇ ಬಿಡಿಭಾಗ ವಿನ್ಯಾಸ ಮಾಡುವಾಗ ‘ಕೆಲಸ ಮಾಡುತ್ತಾ?’ ಅಂತ ಕೇಳಿದ ಮೇಲೆ ‘ಹಾಳಾದರೆ ಹೇಗೆ ಹಾಳಾಗುತ್ತೆ?’ ಅಂತಲೂ ಕೇಳುತ್ತೇವಲ್ಲ, ಅದೇ ಪ್ರಶ್ನೆ. ನಾಯಿಯ ಬಾಯಿಗೆ ಹೋದ ಆಟಿಕೆ ಇವತ್ತಲ್ಲ ನಾಳೆ ಹಾಳಾಗಿಯೇ ಆಗುತ್ತೆ.

1. ಗಡಸುತನ: ಮೊದಲು ಸೋಲೋದು ಯಾವುದು?

ಎರಡು ವಸ್ತುಗಳು ಒತ್ತಿಕೊಂಡಾಗ ಒಂದು ಬಗ್ಗಬೇಕು, ಇಲ್ಲವೇ ಒಡೆಯಬೇಕು. ಬಗ್ಗೋದು ಆಟಿಕೆಯಾಗಿರಲಿ, ಒಡೆಯೋದು ಹಲ್ಲಾಗದಿರಲಿ. ಬೆಳೆದ ನಾಯಿಗೆ 42 ಹಲ್ಲು. ಅವುಗಳ ಎನಾಮಲ್ ಪದರ ನಮ್ಮ ಹಲ್ಲಿನದಕ್ಕಿಂತ ತೆಳು, ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಕಲ್ಲು, ಮೂಳೆ, ಕೊಂಬು, ಗಟ್ಟಿ ನೈಲಾನ್ ಕಡಿದಾಗ ಮೇಲ್ದವಡೆಯ ದೊಡ್ಡ ಹಲ್ಲು ಚಕ್ಕೆಯೆದ್ದು ಸೀಳುವುದು ಸಾಮಾನ್ಯ. ಇದಕ್ಕೆ ಲ್ಯಾಬ್ ಬೇಡ, ಹೆಬ್ಬೆರಳಿನ ಉಗುರು ಸಾಕು. ಒತ್ತಿದಾಗ ಸ್ವಲ್ಪ ತಗ್ಗು ಬಿದ್ದರೆ ಸರಿ. ಬೀಳದಿದ್ದರೆ ಅದು ನಾಯಿಯ ಹಲ್ಲಿಗೆ ಹೆಚ್ಚು ಗಟ್ಟಿ.

ಇದಕ್ಕೆ ಒಳ್ಳೇ ಉದಾಹರಣೆ ಕಾಂಗ್ ಅನ್ನೋ ರಬ್ಬರ್ ಆಟಿಕೆ. 1970ರ ದಶಕದಲ್ಲಿ ಅಮೆರಿಕದ ಕೊಲರಾಡೊದಲ್ಲಿ ಜೋ ಮಾರ್ಕಮ್ ಅನ್ನುವವರ ಜರ್ಮನ್ ಶೆಫರ್ಡ್ ಫ್ರಿಟ್ಜ್, ಕಲ್ಲು ಕಡಿದು ಹಲ್ಲು ಹಾಳುಮಾಡಿಕೊಳ್ಳುತ್ತಿತ್ತು. ಫೋಕ್ಸ್‌ವ್ಯಾಗನ್ ಬಸ್ ರಿಪೇರಿ ಮಾಡುತ್ತಿದ್ದ ಮಾರ್ಕಮ್, ಅದರ ಸಸ್ಪೆನ್ಷನ್ನಿನ ಒಂದು ರಬ್ಬರ್ ಭಾಗವನ್ನು ಫ್ರಿಟ್ಜ್ ಬಿಡದೆ ಅಗಿಯೋದನ್ನು ಕಂಡರು. ಅಲ್ಲಿಂದ ಹುಟ್ಟಿದ್ದು ಆ ಆಟಿಕೆ. ಗಾಡಿಯ ಭಾರ ಹೊತ್ತು, ಬಗ್ಗಿ, ಮತ್ತೆ ಮೊದಲಿನಂತಾಗುವ ವಸ್ತು ಹಲ್ಲಿಗೂ ಒಗ್ಗಿತು.

2. ಗಾತ್ರ: ಗಂಟಲಿಗಿಂತ ದೊಡ್ಡದು

ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಚಿಕ್ಕ ಭಾಗಗಳನ್ನು 31.7 ಮಿ.ಮೀ. ವ್ಯಾಸದ ಸಿಲಿಂಡರಿನಲ್ಲಿ ಹಾಕಿ ಪರೀಕ್ಷಿಸುತ್ತಾರೆ. ಅದರೊಳಗೆ ಪೂರ್ತಿ ಕೂತರೆ ಅಪಾಯ ಅಂತ ಲೆಕ್ಕ. ನಾಯಿಗೆ ಈ ಅಳತೆ ಸಾಲದು, ಅದರ ಬಾಯಿ ಅಷ್ಟು ಅಗಲ ತೆರೆಯುತ್ತೆ. ಟೆನಿಸ್ ಬಾಲ್ ಸುಮಾರು 6.5 ಸೆಂ.ಮೀ. ಇದ್ದರೂ ಅದುಮಿದರೆ ಚಪ್ಪಟೆಯಾಗುತ್ತೆ. ದೊಡ್ಡ ನಾಯಿಯ ಗಂಟಲ ಹಿಂದೆ ಹೋಗಿ ಮತ್ತೆ ಉಬ್ಬಿದರೆ ಉಸಿರೇ ಕಟ್ಟುತ್ತೆ. ಮುಂದಿನ ಹಲ್ಲುಗಳಿಗಿಂತ ಹಿಂದಕ್ಕೆ ಪೂರ್ತಿ ಹೋಗದಷ್ಟು ದೊಡ್ಡದನ್ನೇ ಆರಿಸೋಣ. ಎರಡು ನಾಯಿ ಒಟ್ಟಿಗೆ ಆಡುವಾಗ ಅಳತೆ ದೊಡ್ಡ ನಾಯಿಯದ್ದು. ಅಲ್ಲದೆ ಟೆನಿಸ್ ಬಾಲಿನ ನಾರಿಗೆ ಮಣ್ಣು ಹಿಡಿದರೆ ಅದೊಂದು ಸ್ಯಾಂಡ್‌ಪೇಪರ್. ಎಸೆದು ತರಿಸಿ ವಾಪಸ್ ಇಸಕೊಳ್ಳೋಣ, ಅಗಿಯಲು ಬಿಡೋದು ಬೇಡ.

3. ಆಕಾರ: ತೂತು ಮತ್ತು ದಾರ

ಟೊಳ್ಳು ಚೆಂಡಿಗೆ ಒಂದೇ ತೂತಿದ್ದರೆ ಕೊಳ್ಳಬಾರದು. ನಾಯಿ ಅದುಮಿದಾಗ ಗಾಳಿ ಹೊರಗೆ ಹೋಗುತ್ತೆ. ಬಿಟ್ಟಾಗ ಚೆಂಡು ಉಬ್ಬಿ ನಾಲಿಗೆಯನ್ನು ಒಳಗೆ ಎಳೆದುಕೊಂಡರೆ, ಗಾಳಿ ವಾಪಸ್ ಬರಲು ದಾರಿಯೇ ಇಲ್ಲ. ನಾಲಿಗೆ ಸಿಕ್ಕಿಕೊಂಡು ಊದುತ್ತೆ. ಇನ್ನೊಂದು ತೂತಿದ್ದರೆ ಒತ್ತಡ ಸಮವಾಗುತ್ತೆ. ಎಷ್ಟು ಸರಳ ಪರಿಹಾರ ನೋಡಿ.

ದಾರದ್ದು ಬೇರೆ ಕಥೆ. ಬಿಚ್ಚಿದ ಹಗ್ಗ, ಕಾಲುಚೀಲದ ಎಳೆ ನುಂಗಿದಾಗ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದ ಕೊನೆಯಲ್ಲೋ ಸಿಕ್ಕಿಕೊಳ್ಳಬಹುದು. ಕರುಳು ಮಾತ್ರ ಅದನ್ನು ಮುಂದೆ ತಳ್ಳುತ್ತಲೇ ಇರುತ್ತೆ. ಲಾಡಿ ಎಳೆದ ಪೈಜಾಮದ ಹಾಗೆ ಕರುಳು ನೆರಿಗೆಗಟ್ಟಿ, ದಾರ ಗರಗಸದಂತೆ ಅದನ್ನು ಕೊಯ್ಯುತ್ತೆ. ಹಗ್ಗದ ಆಟ ನಮ್ಮ ಕಣ್ಣೆದುರು ಮಾತ್ರ. ನಾಯಿಯ ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಲೇಬಾರದು.

4. ಒಳಗೇನಿದೆ?

ಕೀಚ್ ಅನ್ನೋ ಬೊಂಬೆಯಲ್ಲಿ ಪ್ಲಾಸ್ಟಿಕ್ ಪೀಪಿ, ಮಿನುಗೋ ಚೆಂಡಿನಲ್ಲಿ ಬಟನ್ ಸೆಲ್. ಅನ್ನನಾಳದಲ್ಲಿ ಸಿಕ್ಕ ಲಿಥಿಯಂ ಸೆಲ್‌ನಿಂದ ಕರೆಂಟ್ ಹರಿದು ಅಲ್ಲೇ ಕ್ಷಾರ ತಯಾರಾಗುತ್ತೆ. ಎರಡು ಗಂಟೆಯೊಳಗೇ ಗಂಭೀರ ಸುಟ್ಟಗಾಯವಾಗಬಹುದು. ಆಟಿಕೆಯೊಳಗೆ ಪೀನಟ್ ಬಟರ್ ತುಂಬುವುದಾದರೆ ಲೇಬಲ್ ಓದೋಣ. ಶುಗರ್‌ಫ್ರೀ ಪದಾರ್ಥಗಳಲ್ಲಿ ಬಳಸುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ದಿಢೀರ್ ಇಳಿಸಿ ಪ್ರಾಣಕ್ಕೇ ಕುತ್ತು ತರುತ್ತೆ. ದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ.

5. ಆಟ ಅಂದಮೇಲೆ ಮಜಾ ಇರಬೇಕಲ್ಲ

ಸುರಕ್ಷಿತವಾಗಿದ್ದೂ ಮೂಲೆಯಲ್ಲಿ ಬಿದ್ದಿರೋ ಆಟಿಕೆಯಿಂದ ಏನು ಪ್ರಯೋಜನ? ನಾಯಿಯ ಕಣ್ಣು ಮುಖ್ಯವಾಗಿ ನೀಲಿ ಮತ್ತು ಹಳದಿಯನ್ನು ಗುರುತಿಸುತ್ತೆ. ಹಸಿರು ಹುಲ್ಲಿನ ಮೇಲಿನ ಕೆಂಪು ಚೆಂಡು ನಮಗೆ ಎದ್ದು ಕಂಡರೂ ಅದಕ್ಕೆ ಹುಲ್ಲಿನಲ್ಲೇ ಬೆರೆತುಹೋಗುತ್ತೆ. ನೀಲಿ ಚೆಂಡು ಬೇಗ ಕಾಣುತ್ತೆ. ತಳಿಯನ್ನೂ ನೋಡಬೇಕು. ನಮ್ಮ ಮುಧೋಳ ನಾಯಿ ಕಣ್ಣಿಂದ ಬೇಟೆ ಹಿಡಿಯುವ ತಳಿ, ಓಡುವ ವಸ್ತು ಕಂಡರೆ ಅದಕ್ಕೆ ಹಬ್ಬ. ಲ್ಯಾಬ್ರಡಾರ್‌ಗೆ ಎಸೆದದ್ದನ್ನು ತಂದುಕೊಡೋದೇ ಖುಷಿ.

ಮೂಗಿನ ಆಟ ಮಾತ್ರ ಎಲ್ಲ ನಾಯಿಗೂ ಇಷ್ಟ, ದುಡ್ಡೂ ಬೇಡ. ಹಳೇ ಟವೆಲ್ಲಿನಲ್ಲಿ ನಾಲ್ಕು ಕಾಳು ಆಹಾರ ಸುತ್ತಿಟ್ಟು ಹುಡುಕಲು ಬಿಟ್ಟರೆ ಸಾಕು. ಹುಡುಕಿ ಮುಗಿದ ಮೇಲೆ ಟವೆಲ್ ಎತ್ತಿಡೋಣ. ಕಾರಿಡಾರಿನಲ್ಲಿ ಲೇಸರ್ ಪಾಯಿಂಟರ್ ಆಡಿಸೋದು ಬೇಡ. ಎಷ್ಟು ಓಡಿದರೂ ಬಾಯಿಗೆ ಏನೂ ಸಿಗದ ಆಟದಿಂದ ಕೆಲವು ನಾಯಿಗಳಿಗೆ ನೆರಳು, ಬೆಳಕಿನ ಹಿಂದೆ ಓಡೋ ಗೀಳೇ ಹತ್ತುತ್ತೆ.

6. ಕ್ಯಾಂಪಸ್ಸಿಗೆ ಒಂದಿಷ್ಟು ನಿಯಮ

ಗುಂಪಿನ ನಡುವೆ ಒಂದೇ ಆಟಿಕೆ ಎಸೆದರೆ ಅದು ಆಟವಲ್ಲ, ಜಗಳ. ನಾಯಿ ಕಚ್ಚಿಹಿಡಿದದ್ದನ್ನು ಕೈಯಿಂದ ಕೀಳಬಾರದು, ತಿಂಡಿ ತೋರಿಸಿ ಬಿಡಿಸೋಣ. ಹಲ್ಲು ತಾಗಿ ಚರ್ಮ ಗೀರಿದರೂ 15 ನಿಮಿಷ ಸೋಪು ನೀರಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು, ರೇಬೀಸ್ ವಿಷಯದಲ್ಲಿ ‘ನೋಡೋಣ ಬಿಡು’ ಸಲ್ಲದು. ಆಡಿ ಮುಗಿದ ಮೇಲೆ ಆಟಿಕೆ ಎತ್ತಿಟ್ಟು, ತಿರುಗಿಸಿ ನೋಡಿ, ಬಿರುಕು ಬಿಟ್ಟಿದ್ದರೆ ಕಸಕ್ಕೆ ಹಾಕೋಣ. ಎರಡು ಮೂರು ಆಟಿಕೆಗಳನ್ನು ಸರದಿಯಲ್ಲಿ ಕೊಟ್ಟರೆ ಹಳೆಯದೂ ಹೊಸದಾಗುತ್ತೆ.

ಆಡಿದ ನಾಯಿ ಮತ್ತೆ ಮತ್ತೆ ವಾಂತಿ ಮಾಡಿದರೆ, ಊಟ ಬಿಟ್ಟರೆ, ಹೊಟ್ಟೆ ಮುಟ್ಟಿದಾಗ ನರಳಿದರೆ ಮೊದಲು ಆಟಿಕೆಯ ಚೂರುಗಳನ್ನು ಜೋಡಿಸಿ ನೋಡೋಣ. ಒಂದು ಚೂರು ಲೆಕ್ಕಕ್ಕೆ ಸಿಗದಿದ್ದರೆ ಉಳಿದವನ್ನು ಕವರಿನಲ್ಲಿ ಹಾಕಿಕೊಂಡು, ನಾಯಿಯನ್ನು ಕರೆದುಕೊಂಡು ಅವತ್ತೇ ಪಶುವೈದ್ಯರ ಹತ್ತಿರ ಹೋಗಬೇಕು. ರಬ್ಬರ್, ಬಟ್ಟೆ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದೇ ಇರಬಹುದು. ಒಳಗೆ ಏನು, ಎಷ್ಟು ದೊಡ್ಡದು ಹೋಗಿದೆ ಅಂತ ವೈದ್ಯರಿಗೆ ಹೇಳೋದು ಆ ಕವರೇ.